ಯಂತ್ರ ಬರುವ ಮೊದಲು ಆಪರೇಟರ್ ಬರಲಿ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳೆಲ್ಲ ಸೇರಿ ಬಳಸುವಂಥ ಒಂದು ನ್ಯಾನೋ ವಿಜ್ಞಾನ ಉಪಕರಣ ಕೇಂದ್ರ ಬೇಕು ಎಂದು ನಾನು ಬಾಯಿಬಿಟ್ಟಾಗಿನಿಂದ ಎದುರು ಮಾತಿಗೆ ಬರವಿಲ್ಲ. ಸರ್ಕಾರದ ಕಡತದಲ್ಲಿ ಇಂಥದ್ದೊಂದು ಯೋಜನೆ ಇದೆ ಎಂದು ಯಾರೂ ತಿಳಿಯಬೇಡಿ. ಇದು ನನ್ನ ವಾದ, ಅಷ್ಟೆ. ಆಕ್ಷೇಪಿಸಿದವರಲ್ಲಿ ಪ್ರಾಂಶುಪಾಲರಿದ್ದಾರೆ, ರೈತ ಸಂಘದ ಹಿರಿಯರಿದ್ದಾರೆ, ಬೆಂಗಳೂರಿನಲ್ಲಿ ಪಿಎಚ್‌.ಡಿ. ಮಾಡಿ ಊರಿಗೆ ಬಂದುಹೋಗುವ ಹುಡುಗರೂ ಇದ್ದಾರೆ. ಕೆಲವರ ಮಾತಿನಲ್ಲಿ ತೂಕವಿದೆ, ಕೆಲವರದು ಬರೀ ಕೊಂಕು. ಎರಡಕ್ಕೂ ಇಲ್ಲಿ ಉತ್ತರ ಹೇಳುತ್ತೇನೆ.

ಮೊದಲು ನಾನು ಕೇಳುತ್ತಿರುವುದೇನು ಎಂಬುದು ಸ್ಪಷ್ಟವಾಗಬೇಕು, ಯಾಕೆಂದರೆ ಅರ್ಧ ಜಗಳ ಅಲ್ಲೇ ಇದೆ. ಟಂಗ್‌ಸ್ಟನ್ ತಂತಿಯಿಂದ ಎಲೆಕ್ಟ್ರಾನ್ ಹೊಮ್ಮಿಸುವ ಒಂದು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಲ್ಯಾಬಿನವರು ಇದನ್ನು ಸೆಮ್ ಎನ್ನುತ್ತಾರೆ. ಯಾವ ಧಾತು ಎಷ್ಟಿದೆ ಎಂದು ಹೇಳುವ ಇಡಿಎಸ್ ಅದಕ್ಕೆ ಜೋಡಿಸಿರಬೇಕು. ಹರಳಿನ ರಚನೆ ತಿಳಿಸುವ, ಮೇಜಿನ ಮೇಲೆ ಕೂರುವಂಥ ಎಕ್ಸ್‌ಆರ್‌ಡಿ, ದ್ರವದಲ್ಲಿ ತೇಲುವ ಕಣಗಳ ಗಾತ್ರ ಅಳೆಯುವ ಡಿಎಲ್‌ಎಸ್, ಒಂದು ಯುವಿ-ವಿಸಿಬಲ್ ಸ್ಪೆಕ್ಟ್ರೋಮೀಟರ್, ದುಡ್ಡು ಉಳಿದರೆ ಮೇಲ್ಮೈಯ ಏರುತಗ್ಗು ತೋರಿಸುವ ಒಂದು ಎಎಫ್‌ಎಂ. ಟೆಮ್, ಅಂದರೆ ಟ್ರಾನ್ಸ್‌ಮಿಶನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಬೇಡ. ಕ್ಲೀನ್‌ರೂಮ್ ಬೇಡವೇ ಬೇಡ. ಇಷ್ಟಕ್ಕೂ ಮೊದಲು ಇಬ್ಬರು ಕಾಯಂ ಆಪರೇಟರುಗಳು, ಒಂದು ದರಪಟ್ಟಿ, ಎಲ್ಲ ಕಾಲೇಜಿಗೂ ಒಂದೇ ಸರದಿ ಪುಸ್ತಕ.

ಈಗ ಮೊದಲನೆಯ ಆಕ್ಷೇಪ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಮಾತು. ಹೇಮಾವತಿ ನಾಲೆಯ ಕೊನೆ ಭಾಗದವರಿಗೆ ನೀರು ತಲುಪದಿರುವಾಗ ಕಣ್ಣಿಗೆ ಕಾಣದ ಕಣಗಳ ಚಿಂತೆ ಯಾಕೆ ಎಂದು ರೈತ ಸಂಘದ ಹಿರಿಯರೊಬ್ಬರು ಕೇಳಿದರು. ನೀರಿನ ವಿಷಯದಲ್ಲಿ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅನುದಾನ ನಾಲೆಯ ಹೂಳೆತ್ತುವ ಬಾಬ್ತಿಗೆ ತಿರುಗುವುದಿಲ್ಲ. ಆ ಇಲಾಖೆ 2007ರಲ್ಲಿ ಐದು ವರ್ಷಕ್ಕೆ 1000 ಕೋಟಿ ರೂಪಾಯಿಯ ನ್ಯಾನೋ ಮಿಷನ್ ಶುರುಮಾಡಿತು. ಅದರ ಮಂಡಳಿಗೆ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ಸಿ.ಎನ್.ಆರ್. ರಾವ್. ಕೃಷ್ಣರಾಜಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ್ದೂ ಅದೇ 2007ರಲ್ಲಿ. ಅಂಥ ದುಡ್ಡು ಅರ್ಜಿ ಹಾಕಿದ ಊರಿಗೆ ಹೋಗುತ್ತದೆ. ಹಾಕದ ಊರಿನ ನಾಲೆಗೆ ಅದರಿಂದ ಒಂದು ಕೊಡ ನೀರೂ ಹೆಚ್ಚಿಗೆ ಬರುವುದಿಲ್ಲ.

ಇನ್ನೊಂದು ಹಳೆಯ ಲೆಕ್ಕವನ್ನೂ ಹಿರಿಯರ ಮುಂದೆ ಇಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) 1909ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ 371 ಎಕರೆ ಜಮೀನು ಕೊಟ್ಟದ್ದು ಮೈಸೂರು ಸಂಸ್ಥಾನ. ಕನ್ನಂಬಾಡಿ ಕಟ್ಟೆಯ ಕೆಲಸ ಆಗಿನ್ನೂ ಹಿಡಿದಿರಲಿಲ್ಲ, ಹಿಡಿದದ್ದು 1911ರಲ್ಲಿ. ಮೊದಲು ನೀರು, ಆಮೇಲೆ ವಿಜ್ಞಾನ ಎಂದು ಕೂತಿದ್ದರೆ ಕಟ್ಟೆ ಮುಗಿಯುವ 1932ರ ತನಕ ಕಾಯಬೇಕಿತ್ತು. ಸಂಸ್ಥಾನ ಎರಡಕ್ಕೂ ಒಟ್ಟೊಟ್ಟಿಗೇ ಕೈಹಾಕಿತು. ಆ ಕಟ್ಟೆಯ ನೀರು ಕುಡಿದ ಸೀಮೆಯವರು ಇದನ್ನು ಮರೆಯಬಾರದು.

ಎರಡನೆಯದು ಪಿಎಚ್‌.ಡಿ. ಹುಡುಗರ ಆಕ್ಷೇಪ, ಇದ್ದುದರಲ್ಲಿ ಬಲವಾದದ್ದು. ಬೆಂಗಳೂರಿನಲ್ಲಿ ಎಲ್ಲ ಇದೆ, ಹೊರಗಿನವರಿಗೂ ಬಾಗಿಲು ತೆರೆದಿದೆ, ಮತ್ತೆ ಹಳ್ಳಿಯಲ್ಲಿ ಇನ್ನೊಂದು ಯಾಕೆ ಎನ್ನುತ್ತಾರೆ. ಬಾಗಿಲು ತೆರೆದಿರುವುದು ನಿಜ. 2008ರಲ್ಲಿ ಐಐಎಸ್‌ಸಿ ಮತ್ತು ಐಐಟಿ ಬಾಂಬೆಯಲ್ಲಿ ಶುರುವಾದ ಐಎನ್‌ಯುಪಿ ಎಂಬ ಕಾರ್ಯಕ್ರಮದಿಂದ ದೇಶದ ಮೂಲೆಮೂಲೆಯ ಕಾಲೇಜುಗಳವರು ಅಲ್ಲಿನ ಕ್ಲೀನ್‌ರೂಮಿಗೆ ಹೋಗಿ ಎಲೆಕ್ಟ್ರಾನಿಕ್ ಚಿಪ್ಪು, ಸಂವೇದಕ ಮಾಡಿ ಬಂದಿದ್ದಾರೆ. 2021ರಲ್ಲಿ ಅದು ಹೊಸ ರೂಪ ಪಡೆದು ಐಐಟಿ ಮದ್ರಾಸ್, ದೆಹಲಿ, ಖರಗ್‌ಪುರ, ಗುವಾಹಟಿಗಳನ್ನೂ ಸೇರಿಸಿಕೊಂಡಿತು. ಯಾವ ಉಪಕರಣ ಯಾವ ಸಂಸ್ಥೆಯಲ್ಲಿದೆ ಎಂದು ನೋಡಿ ಸಮಯ ಕಾದಿರಿಸಲು ಐ-ಸ್ಟೆಮ್ ಎಂಬ ರಾಷ್ಟ್ರೀಯ ಪೋರ್ಟಲ್ 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲೇ ಉದ್ಘಾಟನೆಯಾಯಿತು. ಇವೆಲ್ಲ ಒಳ್ಳೆಯ ಕೆಲಸಗಳು. ಕ್ಲೀನ್‌ರೂಮ್ ನಮಗೆ ಬೇಡ ಎಂದು ನಾನು ಹೇಳುವುದೂ ಇದಕ್ಕೇ. ಕ್ಲಾಸ್ 100 ಕೋಣೆ ಎಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಧೂಳಿನ ಕಣ ನೂರಕ್ಕಿಂತ ಹೆಚ್ಚಿರಬಾರದು. ಹುರುಳಿ, ರಾಗಿಯನ್ನು ಟಾರು ರಸ್ತೆಯ ಮೇಲೇ ಹರಡಿ ಒಕ್ಕಣೆ ಮಾಡುವ ನಾವು ಅಂಥ ಕೋಣೆಯನ್ನು ಕಟ್ಟಿ, ಹಗಲೂ ರಾತ್ರಿ ಅದರ ಫ್ಯಾನು ತಿರುಗಿಸಿ, ಕರೆಂಟ್ ಬಿಲ್ಲು ಕಟ್ಟಿ ಬದುಕಲಾರೆವು. ಅದು ಬೆಂಗಳೂರಿನಲ್ಲೇ ಇರಲಿ.

ಆದರೆ ಮಾಡುವ ಕೆಲಸ ಬೇರೆ, ನೋಡುವ ಕೆಲಸ ಬೇರೆ. ಚಿಪ್ಪು ತಯಾರಿಸಲು ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಬಹುದು. ಮಾಡಿದ ಪುಡಿ ಏನಾಯಿತು ಎಂದು ನೋಡುವ ಕೆಲಸ ವಾರಕ್ಕೆ ಎರಡು ಸಲ ಬೀಳುತ್ತದೆ. ಎಲೆಯ ರಸದಿಂದ ಬೆಳ್ಳಿಯ ನ್ಯಾನೋ ಕಣ ಮಾಡದ ಎಂ.ಎಸ್ಸಿ. ವಿದ್ಯಾರ್ಥಿ ಈಗ ಸಿಗುವುದೇ ಕಷ್ಟ. ತುಳಸಿ, ಬೇವು, ಹೊಂಗೆ, ಯಾವುದನ್ನೂ ಬಿಟ್ಟಿಲ್ಲ. ದ್ರಾವಣ ಹಳದಿಗೆ ತಿರುಗಿದರೆ ಕಣ ಆಯಿತು ಎಂದು ಖುಷಿ. ಆಮೇಲೆ ಅದನ್ನು ಸೀಸೆಗೆ ತುಂಬಿ ಕೊರಿಯರಿಗೆ ಕೊಡುತ್ತಾರೆ. ನೂರೈವತ್ತು ಕಿಲೋಮೀಟರಿನ ಆಸುಪಾಸಿನ ಹಾದಿ, ಬಿಸಿಲು, ಕುಲುಕಾಟ, ಆಮೇಲೆ ಅಲ್ಲಿನ ಸರದಿಯಲ್ಲಿ ಕಳೆಯುವ ದಿನಗಳು. ಅಷ್ಟರಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗಂಟುಕಟ್ಟಿರುತ್ತವೆ. ಕೊನೆಗೆ ಬಂದ ಚಿತ್ರದಲ್ಲಿ ಕಾಣುವುದರಲ್ಲಿ ವಿದ್ಯಾರ್ಥಿ ಮಾಡಿದ್ದೆಷ್ಟು, ದಾರಿ ಮಾಡಿದ್ದೆಷ್ಟು ಎಂದು ಯಾರು ಹೇಳಬೇಕು? ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಾದರಿ ಕಳಿಸಿದ ವಿದ್ಯಾರ್ಥಿನಿ ಯಂತ್ರದ ಮುಂದೆ ಕೂರುವುದೇ ಇಲ್ಲ. ಫೋಕಸ್ ತಪ್ಪಿದಾಗ ಏನು ಕಾಣುತ್ತದೆ, ಮಾದರಿಯ ಮೇಲೆ ವಿದ್ಯುದಾವೇಶ ಕೂತು ಚಿತ್ರ ಬೆಳ್ಳಗಾದಾಗ ಏನು ಮಾಡಬೇಕು, ನೂರು ಜಾಗ ನೋಡಿ ಒಂದು ಜಾಗದ ಚಿತ್ರ ಯಾಕೆ ತೆಗೆಯಬೇಕು, ಇದು ಯಾವುದೂ ಆಕೆಗೆ ಗೊತ್ತಾಗುವುದಿಲ್ಲ. ಇ-ಮೇಲಿನಲ್ಲಿ ಬಂದ ನಾಲ್ಕು ಚಿತ್ರವನ್ನು ಥೀಸಿಸ್ಸಿಗೆ ಅಂಟಿಸುತ್ತಾಳೆ.

ಒಂದೇ ಕಡೆ ಇದ್ದರೆ ಸಾಕು ಎಂಬ ನಂಬಿಕೆಯನ್ನು, ಉಪಕರಣ ಹಂಚಿಕೊಳ್ಳುವುದನ್ನು ಮೊದಲು ಕಲಿತವರೇ ಬಿಟ್ಟಿದ್ದಾರೆ. ಅಮೆರಿಕದಲ್ಲಿ 1977ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಂದೇ ಒಂದು ರಾಷ್ಟ್ರೀಯ ಕೇಂದ್ರ ಮಾಡಿದರು. ತೊಂಬತ್ತರ ದಶಕದಲ್ಲಿ ಅದು ಐದು ವಿಶ್ವವಿದ್ಯಾಲಯಗಳ ಜಾಲವಾಯಿತು. 2004ರಲ್ಲಿ ಹದಿಮೂರಾಗಿ ಆಮೇಲೆ ಬೆಳೆಯಿತು, 2015ರಲ್ಲಿ 16 ತಾಣಗಳ ಜಾಲವಾಯಿತು. ದೊಡ್ಡ ಕೇಂದ್ರವನ್ನು ಅವರು ಮುಚ್ಚಲಿಲ್ಲ, ಅದರ ಹೊರೆ ಇಳಿಸಿದರು. ನಮ್ಮಲ್ಲೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ ಉತ್ತರದ ಕಾಲೇಜುಗಳಿಗೆ, ಮಾನಸಗಂಗೋತ್ರಿಯ ವಿಜ್ಞಾನ ಭವನ ಮೈಸೂರು ಸೀಮೆಗೆ ಇದೇ ಕೆಲಸಕ್ಕೆ ನಿಂತಿವೆ. ನಾನು ಕೇಳುತ್ತಿರುವುದು ಅವುಗಳಿಗಿಂತ ಒಂದು ಮೆಟ್ಟಿಲು ಕೆಳಗಿನದು. ನಮ್ಮಲ್ಲಿ ಸೆಮ್‌ನಲ್ಲಿ ನೋಡಿ, ಪೊಳ್ಳನ್ನು ತೂರಿ, ಗಟ್ಟಿಯಾದದ್ದನ್ನು ಮಾತ್ರ ಮೈಸೂರಿನ, ಬೆಂಗಳೂರಿನ ಟೆಮ್‌ಗೆ ಕಳಿಸಿದರೆ ಅಲ್ಲಿಯವರಿಗೂ ಉಪಕಾರ.

ಮೂರನೆಯವರು ಇದಕ್ಕೆ ತದ್ವಿರುದ್ಧ. ಹಂಚಿಕೊಳ್ಳುವುದು ಯಾಕೆ, ನಮ್ಮ ಕಾಲೇಜಿಗೇ ಒಂದು ತರಿಸೋಣ ಎನ್ನುತ್ತಾರೆ. ಇದರ ಹಿಂದಿರುವುದು ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದಾಗ ತೋರಿಸಲು ಏನಾದರೂ ಇರಲಿ ಎಂಬ ಆಸೆ. ಹೀಗೆ ತಂದ ಯಂತ್ರಗಳು ಎಷ್ಟೋ ಕಾಲೇಜುಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಇರುವುದನ್ನು ಕಂಡವರಿಗೆ ನಾನು ವಿವರಿಸಬೇಕಿಲ್ಲ. ಒಂದು ಸಾಧಾರಣ ಸೆಮ್ ಬೆಲೆ ಕೋಟಿಯ ಆಸುಪಾಸು. ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣೆಗೆ ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಬೆಲೆಯ ಶೇ 5ರಿಂದ 10. ಒಂದು ಕಾಲೇಜಿನ ಮಾದರಿಗಳಿಂದ ಅದು ಹುಟ್ಟುವುದಿಲ್ಲ, ಹತ್ತು ಕಾಲೇಜಿನದು ಸೇರಿದರೆ ಹುಟ್ಟೀತು. ರೈತರು ಇದನ್ನು ನಮಗಿಂತ ಬೇಗ ಅರ್ಥಮಾಡಿಕೊಂಡಿದ್ದಾರೆ. 2014-15ರಿಂದ ಹೋಬಳಿ ಮಟ್ಟದಲ್ಲಿ ಬಂದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರೋಟವೇಟರನ್ನೋ ನಾಟಿ ಯಂತ್ರವನ್ನೋ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವವರು ತಮ್ಮ ಮನೆಯ ಮುಂದೆಯೇ ಒಂದು ನಿಂತಿರಬೇಕೆಂದು ಹಟ ಹಿಡಿಯುವುದಿಲ್ಲ. ಪ್ರಾಂಶುಪಾಲರಿಗೆ ಮಾತ್ರ ಆ ಹಟ.

ನಾಲ್ಕನೆಯದು ಜಾಗದ ಪ್ರಶ್ನೆ. ಬೇಬಿ ಬೆಟ್ಟದ ಕಲ್ಲು ಗಣಿಯಲ್ಲಿ ಸಿಡಿಮದ್ದು ಸಿಡಿದರೆ ಪಾಂಡವಪುರದ ಮನೆಯ ಪಾತ್ರೆ ನಡುಗುವ ಸೀಮೆಯಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಡುತ್ತೀರಾ ಎಂದು ಒಬ್ಬ ಮಿತ್ರರು ನಕ್ಕರು. ನಗಬೇಕಾದ ಮಾತಲ್ಲ, ಸರಿಯಾಗಿಯೇ ಕೇಳಿದ್ದಾರೆ. ಮನುಷ್ಯನ ಅಂಗಾಲಿಗೆ ಗೊತ್ತಾಗುವ ನೆಲದ ಅಲುಗಾಟ ಸೆಕೆಂಡಿಗೆ ಸುಮಾರು 100 ಮೈಕ್ರೋಮೀಟರ್ ವೇಗದ್ದು. ಮೇಲ್ದರ್ಜೆಯ ಟೆಮ್‌ಗೆ ಅದು 3ರ ಆಸುಪಾಸಿನಲ್ಲಿರಬೇಕು. ಕನ್ನಂಬಾಡಿ ಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವ ತನಕ ಸುತ್ತಲಿನ 20 ಕಿ.ಮೀ. ಒಳಗೆ ಗಣಿಗಾರಿಕೆ ಕೂಡದೆಂದು ಹೈಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿದ್ದು ಅಣೆಕಟ್ಟೆಯ ಚಿಂತೆಯಿಂದ. ಅಷ್ಟು ದೊಡ್ಡ ಕಲ್ಲಿನ ಕಟ್ಟೆಗೇ ಅಂಜಿಕೆ ಇದ್ದಲ್ಲಿ ಸೂಕ್ಷ್ಮ ಯಂತ್ರ ಇಡಲು ನಾನೂ ಹೇಳುವುದಿಲ್ಲ. ಹಾಗಾಗಿಯೇ ಟೆಮ್ ಬೇಡವೆಂದದ್ದು. ಹಾಗಾಗಿಯೇ ಕಟ್ಟಡಕ್ಕೆ ಗುದ್ದಲಿ ಪೂಜೆ ಮಾಡುವ ಮೊದಲು ನಾಲ್ಕು ತಾಲ್ಲೂಕಿನ ನಾಲ್ಕಾರು ಜಾಗಗಳಲ್ಲಿ ಕಂಪನ ಮಾಪಕ ಇಟ್ಟು ಅಳೆಯಬೇಕು. ಅದೂ ಕಬ್ಬಿನ ಹಂಗಾಮಿನಲ್ಲಿ, ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಲಾರಿಗಳ ಸಾಲು ಹಿಡಿದಿರುವಾಗ. ನೆಲಮಹಡಿಯಲ್ಲೇ ಕೋಣೆ ಇರಬೇಕು, ಕಟ್ಟಡದ ತಳಪಾಯಕ್ಕೆ ಅಂಟದಂತೆ ಯಂತ್ರಕ್ಕೆ ಬೇರೆಯೇ ಕಾಂಕ್ರೀಟ್ ದಿಮ್ಮಿ ಇರಬೇಕು. ಹೆದ್ದಾರಿಗೆ ಹತ್ತಿರ, ಕಾಣುವಂತಿದೆ ಎಂಬ ಕಾರಣಕ್ಕೆ ಜಾಗ ಆರಿಸುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಕರೆಂಟಿನ ವಿಷಯವೂ ಇಲ್ಲೇ ಬರುತ್ತದೆ. ಫೀಲ್ಡ್ ಎಮಿಶನ್ ಸೆಮ್ ಚಿತ್ರ ಚೆನ್ನಾಗಿ ಕೊಡುತ್ತದೆ, ನಿಜ. ಆದರೆ ಅದರ ಗನ್ನಿನೊಳಗೆ ಅತ್ಯುಚ್ಚ ನಿರ್ವಾತವನ್ನು ವರ್ಷವಿಡೀ ಬಿಡದೆ ಕಾಯಬೇಕು. ಒಂದು ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟು, ಯುಪಿಎಸ್ ಸೋತರೆ ಮತ್ತೆ ಸರಿಹೋಗಲು ದಿನಗಳು ಹಿಡಿಯುತ್ತವೆ, ಗನ್ನೇ ಕೆಟ್ಟರೆ ಲಕ್ಷಗಟ್ಟಲೆ ಖರ್ಚು. ಟಂಗ್‌ಸ್ಟನ್ ಸೆಮ್ ಅಂಥ ನಾಜೂಕಿನದಲ್ಲ. ಸಂಜೆ ಆರಿಸಿ ಬೆಳಗ್ಗೆ ಹಾಕಬಹುದು. ಅದರ ತಂತಿ ನೂರು ಗಂಟೆಯ ಆಸುಪಾಸು ಉರಿದು ಸುಟ್ಟುಹೋಗುತ್ತದೆ, ಕಲಿತ ಆಪರೇಟರ್ ತಾನೇ ಬದಲಾಯಿಸಿಕೊಳ್ಳುತ್ತಾನೆ. ಈಗಿನ ಇಡಿಎಸ್ ಡಿಟೆಕ್ಟರುಗಳಿಗೆ ದ್ರವ ಸಾರಜನಕವೂ ಬೇಕಿಲ್ಲ, ವಿದ್ಯುತ್ತಿನಿಂದಲೇ ತಣ್ಣಗಾಗುತ್ತವೆ. ಮೈಸೂರಿನಿಂದ ವಾರವಾರ ಡಬ್ಬ ಹೊತ್ತು ತರುವ ಕಾಟ ತಪ್ಪಿತು. ತಾಲ್ಲೂಕು ಕೇಂದ್ರಕ್ಕೆ ಯಾವ ಯಂತ್ರ ಎಂಬುದನ್ನು ಇಂಥ ಸಣ್ಣ ಸಂಗತಿಗಳೇ ತೀರ್ಮಾನಿಸಬೇಕು, ಕಂಪನಿಯ ಬಣ್ಣದ ಕ್ಯಾಟಲಾಗ್ ಅಲ್ಲ.

ಐದನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನ್ಯಾನೋ ಎಂದರೇ ಮೋಸ, ನೋಡಿ ನ್ಯಾನೋ ಯೂರಿಯಾ ಎಂದರು ಅದೇ ರೈತ ಸಂಘದವರು. ಯೂರಿಯಾ ಮೂಟೆ ಕೇಳಿದರೆ ಜೊತೆಗೊಂದು ಬಾಟಲಿಯನ್ನೂ ಹೊರಿಸುತ್ತಾರೆ ಎಂಬ ಗೊಣಗಾಟ ಊರೂರಲ್ಲಿದೆ. ಲೆಕ್ಕ ಹಾಕಿ ನೋಡೋಣ. 2021ರಲ್ಲಿ ಇಫ್ಕೋ ತಂದ ಅರ್ಧ ಲೀಟರ್ ಬಾಟಲಿಯಲ್ಲಿ ಸಾರಜನಕ ಶೇ 4 ಇತ್ತು, ಅಂದರೆ 20 ಗ್ರಾಂ. 45 ಕಿಲೋ ಯೂರಿಯಾ ಮೂಟೆಯಲ್ಲಿ ಶೇ 46, ಅಂದರೆ 20 ಕಿಲೋಗಿಂತ ತುಸು ಹೆಚ್ಚು. ಸಾವಿರ ಪಟ್ಟು ಅಂತರ. ಕಣ ಸಣ್ಣದಾದ್ದರಿಂದ ಎಲೆ ನೇರವಾಗಿ ಹೀರಿಕೊಳ್ಳುತ್ತದೆ, ಆದ್ದರಿಂದ ಒಂದು ಬಾಟಲಿ ಒಂದು ಮೂಟೆಗೆ ಸಮ ಎಂಬುದು ತಯಾರಕರ ವಾದ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಹೊಲದಲ್ಲಿ ಪರೀಕ್ಷಿಸಿ ಗೋಧಿಯ ಇಳುವರಿ ಶೇ 21.6, ಭತ್ತದ ಇಳುವರಿ ಶೇ 13 ಕುಸಿಯಿತು ಎಂದರು. ಇಫ್ಕೋ ಅದನ್ನು ಒಪ್ಪಲಿಲ್ಲ. ಜಗಳ ಮುಗಿದಿಲ್ಲ.

ಈ ಜಗಳದಲ್ಲಿ ಮಂಡ್ಯದ ರೈತನ ಕೈಯಲ್ಲಿ ಏನಿದೆ? ಬಾಟಲಿಯ ಮೇಲಿನ ಬರಹ ಬಿಟ್ಟರೆ ಏನೂ ಇಲ್ಲ. ಕಣಗಳು 20ರಿಂದ 50 ನ್ಯಾನೋಮೀಟರ್ ಎಂಬುದು ನಿಜವೇ, ಗೋದಾಮಿನ ಬಿಸಿಲಲ್ಲಿ ಎರಡು ಬೇಸಿಗೆ ಕಳೆದ ಬಾಟಲಿಯಲ್ಲೂ ಹಾಗೇ ಇವೆಯೇ, ಎಂದು ಕೇಳುವ ಹಕ್ಕು ಅವನಿಗಿದೆ. ಅದನ್ನು ನೋಡುವ ಕೆಲಸ ಡಿಎಲ್‌ಎಸ್ ಯಂತ್ರದ್ದು. ದ್ರಾವಣದ ಮೂಲಕ ಲೇಸರ್ ಬೆಳಕು ಹಾಯಿಸಿ, ಅದು ಚೆದುರುವುದರಲ್ಲಿನ ಏರುಪೇರು ನೋಡಿ ಕಣದ ಗಾತ್ರದ ಅಂದಾಜು ಕೊಡುತ್ತದೆ, ಕೆಲವೇ ನಿಮಿಷಗಳಲ್ಲಿ. ಬೆಳೆಗೆ ಲಾಭವಾಯಿತೇ ಎಂದು ಡಿಎಲ್‌ಎಸ್ ಹೇಳುವುದಿಲ್ಲ, ಅದಕ್ಕೆ ಮಂಡ್ಯದ ವಿ.ಸಿ. ಫಾರಂನಂಥ ಕಡೆ ಗದ್ದೆಯಲ್ಲೇ ಪ್ರಯೋಗ ನಡೆಯಬೇಕು. ಆದರೆ ಎರಡೂ ಕೈಗೆಟುಕುವ ದೂರದಲ್ಲಿದ್ದರೆ ರೈತ ಸಂಘ ಘೋಷಣೆಯ ಜೊತೆಗೆ ಒಂದು ವರದಿಯನ್ನೂ ಹಿಡಿದು ಡಿ.ಸಿ. ಕಚೇರಿಯ ಮುಂದೆ ಕೂರಬಹುದು. ನ್ಯಾನೋ ಹೆಸರಿನ ಮಾಲು ಮಾರುಕಟ್ಟೆಗೆ ಬರುವುದನ್ನು ನಾವು ತಡೆಯಲಾರೆವು. ಅಳೆಯುವ ಯಂತ್ರವನ್ನೂ ಬೇಡವೆಂದರೆ ಮಾರುವವನಿಗೆ ಇನ್ನೂ ಅನುಕೂಲ.

ವಿಷದ ಭಯ ಹೇಳಿದವರಿಗೆ ಒಂದೆರಡು ಮಾತು. ಸಿಲೇನ್, ಆರ್ಸೀನ್‌ನಂಥ ಅಪಾಯದ ಅನಿಲಗಳು ಚಿಪ್ಪು ತಯಾರಿಸುವ ಕ್ಲೀನ್‌ರೂಮಿನವು, ಇಲ್ಲಿಗೆ ಬರುವುದೇ ಇಲ್ಲ. ಒಣ ಪುಡಿ ಉಸಿರಿಗೆ ಹೋಗದಂತೆ ಫ್ಯೂಮ್ ಹುಡ್ ಬೇಕು, ಬೆಳ್ಳಿಯ ದ್ರಾವಣವನ್ನು ಸಿಂಕಿಗೆ ಚೆಲ್ಲಕೂಡದು. ಇಷ್ಟು ಶಿಸ್ತು ಈಗ ಕಾಲೇಜುಗಳ ರಸಾಯನಶಾಸ್ತ್ರ ಲ್ಯಾಬುಗಳಲ್ಲಿ ಇದೆಯೇ ಎಂದು ಕೇಳಿದರೆ ಮಾತ್ರ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ಯಾರ ಕೈಗೆ ಕೊಡುವುದು ಎಂಬ ಜಗಳವೂ ಎದ್ದಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯವಿದೆ. ವೈದ್ಯಕೀಯ, ಔಷಧ ವಿಜ್ಞಾನ, ಎಂಜಿನಿಯರಿಂಗ್ ಒಂದೇ ಆವರಣದಲ್ಲಿವೆ. ಬಳಸುವವರು ಅಲ್ಲೇ ಹೆಚ್ಚು, ಅಲ್ಲೇ ಇಡಿ ಎಂಬುದು ಒಂದು ಬಣ. ಸರ್ಕಾರದ ದುಡ್ಡು ಸರ್ಕಾರಿ ಕಾಲೇಜಿಗೇ ಸೇರಬೇಕು, ಕೃಷ್ಣರಾಜಪೇಟೆಗೆ ತನ್ನಿ ಎಂಬುದು ಇನ್ನೊಂದು. ನನ್ನ ಒಲವು ಎರಡನೆಯ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಂಪನ ಮಾಪಕ ಬೇರೆ ಹೇಳಿದರೆ ಅದರ ಮಾತೇ ಕೊನೆ. ಯಂತ್ರ ಎಲ್ಲೇ ಇರಲಿ, ಸರದಿ ಪುಸ್ತಕ ಆ ಸಂಸ್ಥೆಯ ಕೈಯಲ್ಲಿರಬಾರದು. ನಾಲ್ಕೂ ತಾಲ್ಲೂಕಿನ ಬಳಕೆದಾರರ ಸಮಿತಿಯ ಕೈಯಲ್ಲಿರಬೇಕು, ಅದರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅಧ್ಯಾಪಕರೂ ಕಡ್ಡಾಯವಾಗಿ ಇರಬೇಕು.

ಕೊನೆಗೆ ಉಳಿದದ್ದು ಪ್ರಾಂಶುಪಾಲರೊಬ್ಬರ ಪ್ರಶ್ನೆ. ನಡೆಸುವವರು ಯಾರು? ಕಾಯಂ ಅಧ್ಯಾಪಕರ ಹುದ್ದೆಗಳೇ ಖಾಲಿ ಇವೆ, ಅತಿಥಿ ಉಪನ್ಯಾಸಕರ ಮೇಲೆ ತರಗತಿ ನಡೆಯುತ್ತಿದೆ, 2025ರಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಬಂದಾಗ ಪಟ್ಟಿಯಲ್ಲಿ ಮಂಡ್ಯದ್ದೂ ಇತ್ತು, ಇಂಥ ಕಾಲದಲ್ಲಿ ಆಪರೇಟರಿಗೆ ಸಂಬಳ ಕೊಡುವವರಾರು ಎಂದರು. ಉಳಿದೆಲ್ಲ ಆಕ್ಷೇಪಗಳಿಗೆ ನನ್ನಲ್ಲಿ ಉತ್ತರವಿದೆ. ಇದರಲ್ಲಿ ಅರ್ಧ ಅವರೇ ಗೆದ್ದಿದ್ದಾರೆ. ಅನುದಾನದಲ್ಲಿ ಯಂತ್ರದ ಬಾಬ್ತಿಗೆ ದುಡ್ಡು ಸಿಗುವಷ್ಟು ಸುಲಭವಾಗಿ ಸಂಬಳದ ಬಾಬ್ತಿಗೆ ಸಿಗುವುದಿಲ್ಲ. ಮಂತ್ರಿಗಳಿಗೂ ಯಂತ್ರದ ರಿಬ್ಬನ್ ಕತ್ತರಿಸಬಹುದು, ಆಪರೇಟರ್ ಹುದ್ದೆಯ ರಿಬ್ಬನ್ ಕತ್ತರಿಸಲು ಬರುವುದಿಲ್ಲ.

ಐಐಎಸ್‌ಸಿಯ ನ್ಯಾನೋ ಕೇಂದ್ರ ಹೊರಗಿನವರಿಗೆ ಉಪಯೋಗವಾಗಿದ್ದರೆ ಅದಕ್ಕೆ ಕಾರಣ ಕ್ಲೀನ್‌ರೂಮ್ ಒಂದೇ ಅಲ್ಲ. ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳಲೆಂದೇ ಪೂರ್ಣಾವಧಿಯ ತಂತ್ರಜ್ಞರಿದ್ದಾರೆ. ಪಿಎಚ್‌.ಡಿ. ವಿದ್ಯಾರ್ಥಿಗೆ ಹೆಚ್ಚುವರಿ ಕೆಲಸವಾಗಿ ವಹಿಸಿದ ಯಂತ್ರ ಆತ ಥೀಸಿಸ್ ಕೊಟ್ಟು ಹೋದ ದಿನ ನಿಂತುಹೋಗುತ್ತದೆ. ಆದ್ದರಿಂದ ಪ್ರಾಂಶುಪಾಲರಿಗೆ ನನ್ನ ಉತ್ತರ ಇದು. ಇಬ್ಬರು ಆಪರೇಟರುಗಳ ಹುದ್ದೆಗೆ ಮಂಜೂರಾತಿ ಕೈಗೆ ಬರುವ ತನಕ ಟೆಂಡರ್ ಕರೆಯುವುದು ಬೇಡ. ಒಬ್ಬರು ಸಾಲದು, ಒಬ್ಬರು ರಜೆ ಹಾಕಿದ ವಾರ ಕೇಂದ್ರಕ್ಕೆ ಬೀಗ ಬೀಳುತ್ತದೆ. ಹುದ್ದೆ ತುಂಬಿದ ಮೇಲೆ ಅವರನ್ನು ಮೊದಲು ಮೈಸೂರಿಗೋ ಬೆಂಗಳೂರಿಗೋ ಕಳಿಸಿ ಅಲ್ಲಿನ ಯಂತ್ರದ ಮೇಲೆ ಕೈಪಳಗಿಸಬೇಕು. ಯಂತ್ರ ಬರುವುದು ಆಮೇಲೆ. ಹುದ್ದೆ ಮಂಜೂರಾಗದಿದ್ದರೆ ಈ ಯೋಜನೆಯನ್ನು ಕೈಬಿಡಿ ಎಂದು ನಾನೇ ಹೇಳುತ್ತೇನೆ, ಆಗ ನಾನು ಅವರ ಪಕ್ಷ.

ದರಪಟ್ಟಿಯಿಂದ ಒಂದಿಷ್ಟು ಹುಟ್ಟುತ್ತದೆ ಎಂಬುದನ್ನೂ ಸೇರಿಸಬೇಕು. ವಿದ್ಯಾರ್ಥಿಗೆ ಒಂದು ದರ, ಹೊರಗಿನ ಕಾಲೇಜಿಗೆ ಇನ್ನೊಂದು, ಕಂಪನಿಗೆ ಮತ್ತೊಂದು, ಇದು ಎಲ್ಲ ಹಂಚಿಕೆಯ ಕೇಂದ್ರಗಳ ರೂಢಿ. ನಾಗಮಂಗಲದ ಲೋಹದ ವಿಗ್ರಹ ಮಾಡುವವರು ತಮ್ಮ ಎರಕದಲ್ಲಿ ತಾಮ್ರ, ಸತು, ತವರ ಎಷ್ಟೆಷ್ಟು ಎಂದು ಇಡಿಎಸ್‌ನಲ್ಲಿ ನೋಡಿಸಿಕೊಳ್ಳಬಹುದು. ಅದು ನ್ಯಾನೋ ವಿಜ್ಞಾನವಲ್ಲ, ಇರಲಿ, ಯಂತ್ರಕ್ಕೆ ಜಾತಿಯಿಲ್ಲ. ಆದರೆ ದರದ ಆದಾಯದಿಂದಲೇ ಸಂಬಳ ನಡೆಯುತ್ತದೆ ಎಂದು ಯಾರಾದರೂ ವರದಿ ಬರೆದರೆ ನಂಬಬೇಡಿ. ಬಿಡಿಭಾಗಕ್ಕೆ, ತಂತಿಗೆ ಸಾಕಾದರೆ ಹೆಚ್ಚು.

ಬಳಸುವವರೇ ಇಲ್ಲ ಎಂದವರಿಗೆ ವಾದದಿಂದ ಉತ್ತರ ಕೊಡಲಾಗದು, ಎಣಿಸಿಯೇ ತೋರಿಸಬೇಕು. ನಾಲ್ಕು ತಾಲ್ಲೂಕಿನ ಪ್ರತಿ ಕಾಲೇಜಿಗೂ ಒಂದು ಪುಟದ ನಮೂನೆ ಕಳಿಸೋಣ. ಕಳೆದ ಎರಡು ವರ್ಷದಲ್ಲಿ ಎಷ್ಟು ಮಾದರಿ ಹೊರಗೆ ಕಳಿಸಿದಿರಿ, ಯಾವ ಯಂತ್ರಕ್ಕೆ, ವರದಿ ಬರಲು ಎಷ್ಟು ದಿನ ಹಿಡಿಯಿತು, ಎಷ್ಟು ದುಡ್ಡು ಕೊಟ್ಟಿರಿ. ಸಂಖ್ಯೆ ಕಡಿಮೆ ಬಂದರೆ ಸೆಮ್ ಬಿಟ್ಟು ಡಿಎಲ್‌ಎಸ್ ಮತ್ತು ಎಕ್ಸ್‌ಆರ್‌ಡಿಯಿಂದಲೇ ಶುರುಮಾಡೋಣ. ನಮೂನೆಯ ಕರಡು ನನ್ನ ಬಳಿ ಸಿದ್ಧವಿದೆ. ಪ್ರಾಂಶುಪಾಲರು ಒಪ್ಪಿದರೆ ದಸರಾ ರಜೆಗೆ ಮೊದಲೇ ಹಂಚಬಹುದು.